ಹಲಸಿನ ಲೆಕ್ಕಕ್ಕೆ ಕೊನೆ ಸಾಲಿಲ್ಲ

ಹಲಸಿನ ಸುಗ್ಗಿಯಲ್ಲಿ ನಮ್ಮ ಚೇಳೂರಿನ ಮಾರುಕಟ್ಟೆಗೆ ಎಷ್ಟು ಗಾಡಿ ಬರುತ್ತವೆಂದು ಮೊದಲೇ ಹೇಳುವ ಧೈರ್ಯ ಪಂಚಾಂಗಕ್ಕೂ ಇಲ್ಲ. ಒಂದು ದಿನ ನಾಲ್ಕು ಆಟೊ, ಮಾರನೇ ದಿನ ಟ್ರ್ಯಾಕ್ಟರುಗಳ ಸಾಲು. ರಾತ್ರಿ ಜೋರು ಮಳೆ ಹೊಡೆದರೆ ಬೆಳಿಗ್ಗೆ ಒಂದೂ ಇಲ್ಲ. ಇಂಥ ಊರಲ್ಲಿ ಹಲಸಿನ ವ್ಯಾಪಾರ ಮಾಡುವ ನಮ್ಮ ಭಾವನಿಗೆ, ಬೆಂಗಳೂರಿನಿಂದ ರಜಕ್ಕೆ ಬಂದ ಮಗ ಎಕ್ಸೆಲ್ ಹಾಳೆ ಹಾಕಿಕೊಟ್ಟ. ತಿಂಗಳಿಗೆ ಮೂವತ್ತು ದಿನ, ಆದ್ದರಿಂದ ಮೂವತ್ತು ಸಾಲು. ಅದರಡಿ ಹಳದಿ ಬಣ್ಣ ಬಳಿದು ಒಟ್ಟು ಮೊತ್ತ.

ಭಾವ ಬರೆದದ್ದು ಗಾಡಿಗೊಂದು ಸಾಲು, ಹಾಗಾಗಿ ಮೂವತ್ತು ಸಾಲು ಮೂರು ದಿನಕ್ಕೇ ಮುಗಿದವು. ಭಾವ ಹಳದಿಯ ಕೆಳಗೂ ಬರೆಯುತ್ತಾ ಹೋದರು. ಮೊತ್ತ ಮಾತ್ರ ಕದಲಲಿಲ್ಲ.

"ಏನ್ಲಾ ಇದು, ತನ್ನ ತಲೆ ಮೇಲಿರೋದು ಬಿಟ್ರೆ ಕಾಲ್ಕೆಳಗಿರೋದು ಕಾಣಾಕಿಲ್ವಾ ಇದಕ್ಕೆ?" ಎಂದು ಫೋನಿನಲ್ಲಿ ಮಗನನ್ನು ವಿಚಾರಿಸಿಕೊಂಡರು.

ಭಾವನ ಉದ್ದ ಖಾತೆ ಪುಸ್ತಕದಲ್ಲಿ ಈ ತಾಪತ್ರಯವೇ ಇರಲಿಲ್ಲ. ಪುಟ ತುಂಬಿದಾಗ ಅಡಿಯಲ್ಲಿ ಕೂಡುವುದು, ಮುಂದಿನ ಪುಟದ ನೆತ್ತಿಯಲ್ಲಿ 'ಹಿಂದಿನ ಪುಟದ್ದು' ಎಂದು ಬರೆದು ಮುಂದೆ ಸಾಗುವುದು. ಎಕ್ಸೆಲ್‌ನಲ್ಲಿ ಪುಟ ತುಂಬುವ ಮಾತೇ ಇಲ್ಲ. 2007ರಿಂದೀಚೆಗೆ ಒಂದೊಂದು ಹಾಳೆಗೆ 10,48,576 ಸಾಲು! 1979ರಲ್ಲಿ ಬಂದ ಇದರ ಮುತ್ತಜ್ಜ ವಿಸಿಕ್ಯಾಲ್ಕ್‌ಗೆ ಇದ್ದದ್ದು ಬರೀ 254. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಅಂಕಿ ತಪ್ಪಿದ್ದಕ್ಕೆ ಮಿಕ್ಕಿದ್ದನ್ನೂ ಅಳಿಸಿ ಬರೆಯುವ ಪಾಡು ಕಂಡು ಹಾರ್ವರ್ಡಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್‌ಗೆ ಅದು ಹೊಳೆಯಿತಂತೆ. ಚೇಳೂರಿನ ಸಂತೆಯನ್ನು ಅವರು ಕಂಡಿರಲಿಲ್ಲ, ಪಾಪ.

ಮಗ ಉಪಾಯ ಹೇಳಿದ: "ಇಡೀ ಕಾಲಮ್ಮನ್ನೇ ಸಮ್ ಮಾಡಿ ಪಕ್ಕದ ಕಾಲಮ್ಮಿನಲ್ಲಿ ಇಡಪ್ಪ." ಅದೇ ಕಾಲಮ್ಮಿನಲ್ಲಿಟ್ಟರೆ ಮೊತ್ತ ತನ್ನನ್ನೂ ತಾನು ಕೂಡಿಕೊಳ್ಳಲು ಹೋಗಿ ಎಕ್ಸೆಲ್ ತಕರಾರು ತೆಗೆಯುತ್ತದೆ. ಇಟ್ಟದ್ದಾಯಿತು. ಆದರೆ ಭಾವ ಸಂಜೆಗೊಂದು ದಿನದ ಮೊತ್ತವನ್ನು ಅದೇ ಕಾಲಮ್ಮಿನಲ್ಲಿ ಬರೆಯುವವರು. ಪ್ರತಿ ಗಾಡಿಯೂ ಎರಡೆರಡು ಸಲ ಕೂಡಿ ವ್ಯಾಪಾರ ದುಪ್ಪಟ್ಟಾಯಿತು. ಆ ರಾತ್ರಿ ನಮ್ಮಕ್ಕ ಓಲೆಯ ರೇಟು ವಿಚಾರಿಸಿದ್ದು ಮನೆಯಲ್ಲಿ ಈಗಲೂ ಮಾತಾಗುತ್ತದೆ.

ಆಮೇಲೆ ಬಂದದ್ದು ಆಫ್‌ಸೆಟ್ ಸೂತ್ರ. ಎಷ್ಟು ಮನೆಗಳಲ್ಲಿ ಅಂಕಿ ಇದೆಯೆಂದು ಎಣಿಸಿ, ಮೇಲಿನಿಂದ ಅಷ್ಟೇ ಸಾಲನ್ನು ಕೂಡುತ್ತದೆ. ಬಲು ಜಾಣ. ಆದರೆ ಮಳೆ ಬಂದ ದಿನಕ್ಕೆ ಭಾವ ಒಂದು ಸಾಲು ಖಾಲಿ ಬಿಡುತ್ತಿದ್ದರು, ಅದು ಅವರ ನಿಷ್ಠೆ. ಖಾಲಿ ಸಾಲು ಎಣಿಕೆಗೆ ಸಿಗುವುದಿಲ್ಲವಾಗಿ, ಎಷ್ಟು ಮಳೆಯೋ ಅಷ್ಟು ಗಾಡಿಗಳು ಪಟ್ಟಿಯ ತುದಿಯಿಂದ ಉದುರಿದವು. ಮಳೆಗೆ ಕಾಯಿ ಉದುರುವುದು ಗೊತ್ತಿತ್ತು, ಲೆಕ್ಕವೂ ಉದುರುವುದು ಹೊಸದು. ಸಾಲದ್ದಕ್ಕೆ ಹಾಳೆಯಲ್ಲಿ ಯಾವ ಮೂಲೆ ಮುಟ್ಟಿದರೂ ಈ ಆಫ್‌ಸೆಟ್ ಮತ್ತೆ ಮೊದಲಿಂದ ಲೆಕ್ಕಕ್ಕೆ ಕೂರುತ್ತದೆ. ದೊಡ್ಡ ಹಾಳೆಯಾದರೆ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ.

ಕೊನೆಗೆ ಕೈಹಿಡಿದದ್ದು ಕಂಟ್ರೋಲ್ ಟಿ. ಪಟ್ಟಿಯನ್ನು ಟೇಬಲ್ ಮಾಡಿಬಿಟ್ಟರೆ ಕೊನೆಯ ಸಾಲಿನ ಕೆಳಗೆ ಬರೆದಂತೆಲ್ಲ ಅದು ತಾನೇ ಬೆಳೆಯುತ್ತದೆ, ಮೊತ್ತವೂ ಜೊತೆಗೆ ಹಿಗ್ಗುತ್ತದೆ. ಸಂಜೆಯ ಮೊತ್ತಗಳಿಗೆ ಬೇರೆ ಹಾಳೆ. ಮೊತ್ತವನ್ನು ಅಡಿಯಿಂದೆತ್ತಿ ಹಾಳೆಯ ನೆತ್ತಿಯಲ್ಲಿ ಕೂರಿಸಿದೆವು. ನನ್ನ ಮಟ್ಟಿಗೆ ಅರ್ಧ ಸಮಸ್ಯೆ ತೀರಿದ್ದು ಅಲ್ಲೇ. ಹಲಸು ಇನ್ನೂ ಬರುತ್ತಿರುವಾಗ ಅಡಿಗೆರೆ ಎಳೆಯಲು ನಾವ್ಯಾರು?

ಉಳಿದದ್ದು ತೂಕದ ಕಾಲಮ್ಮು. ನಮ್ಮೂರಿನದೇ ಹೆಸರಾಂತ ಕೆಂಪು ತೊಳೆಯ ಸಿದ್ದು ಹಲಸು ಎರಡೂವರೆ ಕೆಜಿ ಆಸುಪಾಸು ತೂಗುವ ಪುಟ್ಟ ಹಣ್ಣು. ಭಾವ ಅದನ್ನು '2.5 ಕೆಜಿ' ಎಂದೇ ಬರೆದರು. ಅಂಕಿಯ ಪಕ್ಕ ಅಕ್ಷರ ಕೂತರೆ ಸಮ್‌ಗೆ ಅದು ಅಂಕಿಯೇ ಅಲ್ಲ. ತುಟಿಪಿಟಕ್ಕೆನ್ನದೆ ದಾಟಿ ಹೋಗುತ್ತದೆ. ಆದ್ದರಿಂದ ಲೆಕ್ಕ ಬರೆಯುವವರಲ್ಲಿ ಒಂದೇ ಬಿನ್ನಹ: ಕೆಜಿ ಅನ್ನುವುದನ್ನು ಕಾಲಮ್ಮಿನ ತಲೆಬರಹದಲ್ಲಿ ಒಮ್ಮೆ ಬರೆಯಿರಿ, ಕೆಳಗೆ ಬರೀ ಅಂಕಿ ಇರಲಿ.