ಶಿಲಾಯುಗಕ್ಕೆ ಜಿಎಸ್‌ಟಿ ಪ್ರತ್ಯೇಕ

ಬೆಂಗಳೂರಿನ ಟೆಕ್ಕಿಗಳಿಗೆ ಈಗ ಆದಿಮಾನವರಾಗುವ ಖಯಾಲಿ ಹತ್ತಿದೆ. ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್ ಹತ್ತಿ ರೆಸಾರ್ಟಿಗೆ ಹೊರಟರೆ ಭಾನುವಾರ ಸಂಜೆಯೊಳಗೆ ಶಿಲಾಯುಗ ಮುಗಿಸಿ, ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಹಾಜರ್. ಬೆಂಕಿಪೊಟ್ಟಣವಿಲ್ಲದೆ ಬೆಂಕಿ, ಫಿಲ್ಟರ್ ಇಲ್ಲದೆ ನೀರು, ಸೊಪ್ಪುಸದೆಯ ಸೂರು, ಎಲ್ಲವೂ ಪ್ಯಾಕೇಜಿನಲ್ಲಿದೆ. ಪ್ರಾಣ ಹೋದರೆ ರೆಸಾರ್ಟ್ ಹೊಣೆಯಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಬೇಟೆಯ ಪಾಠದ ನಂತರ ಸಸ್ಯಾಹಾರಿಗಳಿಗೆ ಪನೀರ್ ಟಿಕ್ಕಾ.

ಬೆಂಕಿಯ ತರಗತಿ ನೋಡಬೇಕು. ಬಿಲ್ಲಿನ ಹಗ್ಗಕ್ಕೆ ಕೋಲು ಸುತ್ತಿ, ಹಲಗೆಯ ಗುಳಿಯಲ್ಲಿ ನಿಲ್ಲಿಸಿ, ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಗುಳಿಯ ಅಂಚಿನ ಕಚ್ಚಿನಲ್ಲಿ ಕಪ್ಪು ಪುಡಿ ಬೀಳುತ್ತದೆ, ಹೊಗೆಯಾಡುತ್ತದೆ, ಕೆಂಡವಾಗುತ್ತದೆ. ಅದನ್ನು ತೆಂಗಿನ ನಾರಿಗೆ ಸುರಿದು ಮೆಲ್ಲಗೆ ಊದಬೇಕು. ಕಟ್ಟಿಗೆ ಕೊಂಚ ಹಸಿಯಿದ್ದರೂ ಹೊತ್ತುವುದು ಅಂಗೈ ಮಾತ್ರ. ಬೊಬ್ಬೆಗಳ ಫೋಟೊ ತೆಗೆದಾದ ಮೇಲೆ ತರಬೇತುದಾರ ಜೇಬಿನಿಂದ ಲೈಟರ್ ತೆಗೆಯುತ್ತಾನೆ, ಸರ್ಟಿಫಿಕೇಟ್ ಹಂಚುತ್ತಾನೆ. (ಯಜ್ಞಶಾಲೆಗಳಲ್ಲಿ ಅರಣಿ ಕಡೆಯುವ ನಮ್ಮ ಪುರೋಹಿತರು ಇಷ್ಟು ವರ್ಷ ಸರ್ಟಿಫಿಕೇಟ್ ಹಂಚದೆ ಎಂಥ ನಷ್ಟ ಮಾಡಿಕೊಂಡರು!) ಬೆಂಕಿಪೊಟ್ಟಣದ ಬೆಲೆ 2021ರ ಡಿಸೆಂಬರ್‌ನಲ್ಲಿ ಒಂದು ರೂಪಾಯಿಯಿಂದ ಎರಡಕ್ಕೆ ಏರಿತು. ಆ ದುಬಾರಿ ತಾಳಲಾರದೆ ಜನ ಸಾವಿರಾರು ರೂಪಾಯಿ ತೆತ್ತು ಕೋಲು ಉಜ್ಜುತ್ತಿರಬಹುದೇನೋ.

ಈ ಸಂಪ್ರದಾಯದ ಜಗದ್ಗುರು ಟಿವಿ ಸಾಹಸಿ ಬೇರ್ ಗ್ರಿಲ್ಸ್. 2020ರ ಜನವರಿಯಲ್ಲಿ ಅವರು ನಮ್ಮ ಬಂಡೀಪುರಕ್ಕೇ ಪಾದ ಬೆಳೆಸಿದ್ದರು, ಶಿಷ್ಯ ರಜನೀಕಾಂತ್. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಟಿಕೆಟ್ ಹರಿದು ಬಂದವರಿಗೆ ಬದುಕುಳಿಯುವ ವಿದ್ಯೆ ಕಲಿಸಲು ಬ್ರಿಟನ್ನಿನಿಂದ ಮೇಷ್ಟ್ರು! ಹಿಂದಿನ ವರ್ಷದ ಫೆಬ್ರವರಿಯಲ್ಲಷ್ಟೇ ಸಾವಿರಾರು ಎಕರೆ ಸುಟ್ಟುಹೋಗಿದ್ದ ಕಾಡದು. ಬೇಸಿಗೆ ಹೊಸ್ತಿಲಲ್ಲಿ ಶೂಟಿಂಗ್ ಬೇಕೇ ಎಂದು ಪರಿಸರದವರು ಕೇಳಿದರು. ಅನುಮತಿ ಸಿಕ್ಕಿತ್ತು, ಶೂಟಿಂಗ್ ಆಯಿತು. ರಜನಿಗೆ ಮುಳ್ಳು ತರಚಿದ್ದು ರಾಷ್ಟ್ರೀಯ ಸುದ್ದಿಯಾಯಿತು.

ಬಂಡೀಪುರವಿರುವ ಚಾಮರಾಜನಗರ ಜಿಲ್ಲೆಯಲ್ಲೇ, ಬಿಳಿಗಿರಿರಂಗನ ಬೆಟ್ಟದಲ್ಲಿ, ಸೋಲಿಗರೆಂಬ ಕಾಡಿನ ಜನರಿದ್ದಾರೆ. ಹೆಜ್ಜೇನು ಕಿತ್ತರೂ ಹುಳುವಿಗೆಂದು ಪಾಲು ಬಿಡುವುದು, ಗೆಣಸು ಅಗೆದರೂ ಬಳ್ಳಿ ಮತ್ತೆ ಚಿಗುರುವಂತೆ ನೋಡಿಕೊಳ್ಳುವುದು ಅವರು ಯಾವ ಕ್ಯಾಂಪಿನಲ್ಲೂ ಕಲಿತದ್ದಲ್ಲ. ಬೇಸಿಗೆ ಏರುವ ಮುಂಚೆಯೇ ಅವರು ತರಗು ಬೆಂಕಿ ಹಾಕುತ್ತಿದ್ದರು. ಉದುರಿದ ಎಲೆಯಷ್ಟೇ ಸುಡುವ ಸಣ್ಣ ಬೆಂಕಿ. ಅದು ಪೊದೆಗಳನ್ನು ಹದ್ದಿನಲ್ಲಿಡುತ್ತಿತ್ತು, ನೆಲ್ಲಿ ಮರದ ಬಂದಳಿಕೆಯನ್ನೂ ಕೊಲ್ಲುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಸೋಲಿಗರನ್ನು ಅಂಚಿನ ಪೋಡುಗಳೆಂಬ ಹಾಡಿಗಳಿಗೆ ಸಾಗಿಸಿ, ಬೆಂಕಿಯನ್ನೂ ನಿಲ್ಲಿಸಿದರು. ಅಭಯ ಸಿಕ್ಕಿದ್ದು ಲಂಟಾನ ಕಳೆಗೆ. ಇಂದು ಅದು ಆಳೆತ್ತರ ಬೆಳೆದು ಹುಲ್ಲನ್ನೇ ನುಂಗಿ ಕೂತಿದೆ.

2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಸಮುದಾಯ ಹಕ್ಕು ಸಿಕ್ಕಿತು. ಕಾಡಿನಲ್ಲಿ ಬೆಂಕಿ ಹಾಕುವುದು ಮಾತ್ರ ಅಪರಾಧವಾಗಿಯೇ ಉಳಿಯಿತು. ಆದ್ದರಿಂದ ಸ್ವಾಮಿ, ಸರ್ಟಿಫಿಕೇಟ್ ಪಡೆದ ಹುಮ್ಮಸ್ಸಿನಲ್ಲಿ ಆ ಬೆಟ್ಟಕ್ಕೆ ಹೋಗಿ, ಯಾವುದಾದರೂ ಪೋಡಿನ ಪಕ್ಕ ನಿಮ್ಮ ಕೋಲು ಉಜ್ಜಿ ತೋರಿಸಬೇಡಿ. ಅಪ್ಪಿತಪ್ಪಿ ಹೊತ್ತಿಕೊಂಡರೆ ಕೇಸು ಬೀಳುವುದು ಅಲ್ಲಿನ ಅಜ್ಜನ ಮೇಲೆ.