ವಿದೇಶ ನಗರ ನಿರ್ಣಯ ಮೀಮಾಂಸೆ

ನಮ್ಮ ಪೂರ್ವಾಚಾರ್ಯರು ಧರ್ಮವನ್ನು ಕುರಿತು, ಮೋಕ್ಷವನ್ನು ಕುರಿತು, ವ್ಯಾಕರಣದ ಲೋಪಾಗಮಾದೇಶಗಳನ್ನು ಕುರಿತು ಬಂಡಿಗಟ್ಟಲೆ ಗ್ರಂಥಗಳನ್ನು ರಚಿಸಿಹೋಗಿದ್ದರೂ, ಅಡಿಕೆ ಮಾರಿದ ಹಣದಲ್ಲಿ ಸೊಸೈಟಿಯ ಸಾಲ, ಮಗಳ ಮದುವೆ, ಮನೆಯ ಹೆಂಚು ಇವುಗಳ ಭಾಗವನ್ನೆಲ್ಲ ಕಳೆದು ಶೇಷವಾಗಿ ಉಳಿದುದನ್ನು ನಾಲ್ಕು ದಿನಗಳ ವಿದೇಶ ದರ್ಶನಕ್ಕೆ ವಿನಿಯೋಗಿಸಬೇಕೆಂದು ಸಂಕಲ್ಪಿಸಿದ ಗೃಹಸ್ಥನು ಸಿಂಗಪುರಕ್ಕೆ ಹೋಗತಕ್ಕದ್ದೋ, ದುಬೈಗೆ ಹೋಗತಕ್ಕದ್ದೋ, ಲಂಡನ್ನಿಗೆ ಹೋಗತಕ್ಕದ್ದೋ ಎಂಬ ವಿಷಯದಲ್ಲಿ ಒಂದು ಸೂತ್ರವನ್ನಾದರೂ ಬಿಟ್ಟುಹೋಗಲಿಲ್ಲವೆಂಬುದು ಅತ್ಯಂತ ಶೋಚನೀಯವಾದ ಸಂಗತಿ. ಇದರ ಪರಿಣಾಮವಾಗಿ ಶಿಕಾರಿಪುರದ ಬಸ್ ನಿಲ್ದಾಣದಿಂದ ಮೊದಲ್ಗೊಂಡು ಶಿರಾಳಕೊಪ್ಪದ ಸಂತೆಯನ್ನು ಹಾದು ಸೊರಬದ ದಂಡಾವತಿಯ ದಡದವರೆಗೆ, ಚಹದಂಗಡಿಗಳಲ್ಲಿ ಈ ವಾದವು ಯಾವ ಪ್ರಮಾಣಕ್ಕೂ ಕಟ್ಟುಬೀಳದೆ, ಯಾವ ನಿರ್ಣಯಕ್ಕೂ ಬಾರದೆ, ಚಹ ತಣ್ಣಗಾಗುವ ತನಕ ನಡೆಯುತ್ತಿದೆ. ಆ ಕೊರತೆಯನ್ನು ಯಥಾಮತಿ ತುಂಬಿಕೊಡುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ವಿಷಯದ ಎಲ್ಲೆಯನ್ನು ಗುರುತಿಸಬೇಕು. ಕಾಶಿ ರಾಮೇಶ್ವರಗಳು ಇಲ್ಲಿ ವಿಚಾರ್ಯವಲ್ಲ. ಅವು ಪುಣ್ಯದ ಬಾಬ್ತು. ಸೊಸೆಯ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕದಲ್ಲಿ ಇದ್ದು ಬರುವುದೂ ವಿಚಾರ್ಯವಲ್ಲ. ಅದು ಪ್ರವಾಸದ ವೇಷ ತೊಟ್ಟ ದುಡಿಮೆ. ದೀರ್ಘಕಾಲ ಅಲ್ಲಿ ನೆಲಸಿದವರಿಂದ ಪುಸ್ತಕ ಹುಟ್ಟಬಹುದು, ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಸಂದಂತೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಲ್ಲಬಹುದು. ಆದರೆ ನಾಲ್ಕು ಹಗಲು ಮೂರು ಇರುಳುಗಳಲ್ಲಿ ಒಂದು ಮಹಾನಗರವನ್ನು ನೋಡಿ ಮುಗಿಸಿದೆನೆಂದು ಊರಿಗೆ ಬಂದು ಹೇಳಬೇಕಾದವನ ಸಂಕಟ ಬೇರೆಯ ಜಾತಿಯದು. ಅವನಿಗೆ ಬೇಕಾದದ್ದು ಅನುಭವವಲ್ಲ, ನಿರ್ಣಯ.

ಶಿಷ್ಟರ ಆಚಾರವೇ ಪ್ರಮಾಣವೆನ್ನುವವರಿಗೆ ನಮ್ಮ ಸೀಮೆಯಲ್ಲಿ ನಿದರ್ಶನದ ಅಭಾವವಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದನಷ್ಟೆ. ಅಂದು ಕಾಂಚಿಯು ಪಲ್ಲವರ ರಾಜಧಾನಿ, ಆದಕಾರಣ ನ್ಯಾಯತಃ ಪರದೇಶ. ಅಲ್ಲಿ ಅವನಿಗೂ ಒಬ್ಬ ಪಲ್ಲವ ಅಶ್ವಾರೋಹಿಗೂ ಕಲಹವಾಗಿ, ದರ್ಭೆ ಸಮಿತ್ತುಗಳನ್ನು ಹಿಡಿಯತಕ್ಕ ಕೈಯಲ್ಲಿ ಖಡ್ಗವನ್ನು ಹಿಡಿದು, ಶ್ರೀಪರ್ವತದ ಕಾಡುಗಳನ್ನು ಸೇರಿ, ಕೊನೆಗೆ ಕದಂಬ ರಾಜ್ಯವನ್ನೇ ಸ್ಥಾಪಿಸಿದನೆಂಬ ವೃತ್ತಾಂತವನ್ನು ಕುಬ್ಜನೆಂಬ ಕವಿ ಪ್ರಣವೇಶ್ವರನ ಗುಡಿಯ ಮುಂದಿನ ಕಂಬದ ಮೇಲೆ ಕೊರೆದಿಟ್ಟಿದ್ದಾನೆ. ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದು ಶಿಕಾರಿಪುರ 176 ಎಂಬ ಸಂಖ್ಯೆಯಿಂದ ಅಚ್ಚಾಗಿದೆ. ಪರಸ್ಥಳದಲ್ಲಿ ಅವಮಾನಗೊಂಡ ಪ್ರವಾಸಿಯ ದೂರು ಇಷ್ಟು ಶಾಶ್ವತವಾದ ಮಾಧ್ಯಮದಲ್ಲಿ ದಾಖಲಾದದ್ದು ಬೇರೆಲ್ಲಿಯೂ ನನ್ನ ಗಮನಕ್ಕೆ ಬಂದಿಲ್ಲ. ಇದರಿಂದ ಎರಡು ನಿಯಮಗಳು ಸಿದ್ಧಿಸುತ್ತವೆ. ನಮ್ಮ ತಾಲ್ಲೂಕಿನವರು ಮಹಾನಗರಕ್ಕೆ ಹೋಗುವುದು ಸನಾತನವಾದ ಪದ್ಧತಿ ಎಂಬುದು ಒಂದು. ಅಲ್ಲಿನ ವಾಹನಸ್ಥರೊಡನೆ ಜಗಳಕ್ಕೆ ನಿಲ್ಲುವುದು ರಾಜ್ಯಸ್ಥಾಪನೆಯ ಸಾಮರ್ಥ್ಯವುಳ್ಳವರಿಗೆ ಮಾತ್ರ ವಿಹಿತ, ಇತರರು ಟ್ಯಾಕ್ಸಿಯವನು ಕೇಳಿದಷ್ಟು ಕೊಟ್ಟು ಇಳಿಯತಕ್ಕದ್ದು ಎಂಬುದು ಇನ್ನೊಂದು.

ಇಲ್ಲಿ ಒಂದು ಪ್ರಬಲವಾದ ಪೂರ್ವಪಕ್ಷವಿದೆ. ‘ಮಹಾನಗರವೇ ನಮ್ಮಲ್ಲಿರುವಾಗ ಹೊರಗೆ ಹೋಗುವುದೇಕೆ? ಬಳ್ಳಿಗಾವಿಯಲ್ಲಿ ಐದು ಮಠಗಳಿದ್ದುವು; ಅಲ್ಲಮಪ್ರಭುವಿನಂಥವರು ಅಲ್ಲಿ ಹುಟ್ಟಿದರು; ಕೋಡಿಯಮಠದಲ್ಲಿ ವೇದ ವ್ಯಾಕರಣ ದರ್ಶನಗಳ ಪಾಠ ನಡೆಯುತ್ತಿತ್ತು, ದೀನರಿಗೂ ಅಂಧರಿಗೂ ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೂ ಗಾಯಕರಿಗೂ ನರ್ತಕರಿಗೂ ಅನ್ನ ದೊರಕುತ್ತಿತ್ತು, ಅನಾಥರಾದ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತು ಎಂದು 1162ರ ಶಾಸನವೇ ಸಾರುತ್ತಿಲ್ಲವೆ? ಪರದೇಶದವರು ನಮ್ಮಲ್ಲಿಗೆ ಬರುತ್ತಿದ್ದ ಕಾಲದಲ್ಲಿ ಸಿಂಗಪುರವೆಲ್ಲಿತ್ತು, ದುಬೈ ಎಲ್ಲಿತ್ತು?’ ಎಂದು ಇವರು ಕೇಳುತ್ತಾರೆ. ಈ ಪಕ್ಷವನ್ನು ಖಂಡಿಸುವುದು ಸುಲಭವಲ್ಲ. ಆದರೆ ಇದನ್ನು ಮಂಡಿಸುವ ಮಹನೀಯರಲ್ಲಿ ಬಹುತೇಕರು ಬಳ್ಳಿಗಾವಿಯನ್ನು ಹಾದುಹೋಗುವ ಬಸ್ಸಿನ ಕಿಟಕಿಯಿಂದಲ್ಲದೆ ನೋಡಿದವರಲ್ಲ. ಕೇದಾರೇಶ್ವರನ ಗುಡಿಯ ಅಂಗಳದಲ್ಲಿ ಒಂದು ಜಾವ ಕೂತವರಂತೂ ಬೆರಳೆಣಿಕೆಯಷ್ಟು. ಮನೆಯ ಹತ್ತಿರದ ಮಹಾನಗರವು ಹತ್ತಿರವೆಂಬ ದೋಷದಿಂದಲೇ ಅದರ್ಶನೀಯವಾಗುವುದರಿಂದ, ದೂರದ್ದೇ ಬೇಕೆಂಬುದು ಇಲ್ಲಿ ಸ್ಥಾಪಿತವಾಯಿತು.

ಇನ್ನು ಮಾನದಂಡದ ಪ್ರಶ್ನೆ. ಈ ಸೀಮೆಯ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಭೇರುಂಡ ಗಳೆಯಿಂದ ಅಳೆದ ಉಲ್ಲೇಖ ಬರುತ್ತದೆ. ಅಂದರೆ ನಮ್ಮ ಹಿರಿಯರು ಅಳತೆಗೋಲನ್ನು ಎರವಲು ತಂದವರಲ್ಲ. ಪ್ರವಾಸದ ಏಜೆಂಟನು ಕೊಡುವ ಬಣ್ಣದ ಕಾಗದದಲ್ಲಿ ಎಲ್ಲ ನಗರಗಳೂ ಸಮಾನವಾಗಿ ಹೊಳೆಯುವುದರಿಂದ ಅದು ಪ್ರಮಾಣವಾಗಲಾರದು. ಹೋಗಿಬಂದ ನೆಂಟನ ಮಾತು ಆಪ್ತವಾಕ್ಯವಾಗಬೇಕಾಗಿತ್ತು. ಖರ್ಚುಮಾಡಿ ಹೋದವನು ಚೆನ್ನಾಗಿರಲಿಲ್ಲವೆಂದು ಹೇಳಿದ ಉದಾಹರಣೆ ಇಲ್ಲದ್ದರಿಂದ ಅದೂ ಬಾಧಿತ. ಉಳಿದದ್ದು ಉಪಮಾನ. ಊರಿಗೆ ಮರಳಿ ಕಟ್ಟೆಯ ಮೇಲೆ ಕೂತಾಗ ‘ಅಲ್ಲೇನಿದೆ ಮಹಾ?’ ಎಂದು ಕೇಳುವವನಿಗೆ ಉತ್ತರ ಹೇಳತಕ್ಕದ್ದು ಉಪಮಾನದಿಂದಲೇ. ಆ ಉತ್ತರದಲ್ಲಿ ಸ್ವಂತ ತಾಲ್ಲೂಕಿನ ಮಾನ ಉಳಿಯಬೇಕು. ಈ ಗಳೆಯಿಂದಲೇ ಒಂದೊಂದು ನಗರವನ್ನೂ ಅಳೆಯೋಣ.

ದುಬೈವಾದಿಗಳ ಸರ್ವಸ್ವವೂ 2010ರಲ್ಲಿ ತೆರೆದ ಬುರ್ಜ್ ಖಲೀಫ ಎಂಬ ಗೋಪುರದ ಮೇಲೆ ನಿಂತಿದೆ. ಅದರ ಎತ್ತರ 828 ಮೀಟರು, ಎಂದರೆ ಸುಮಾರು 2,717 ಅಡಿ. ಜಗತ್ತಿನಲ್ಲಿ ಮನುಷ್ಯನು ಕಟ್ಟಿದ್ದು ಇದಕ್ಕಿಂತ ಎತ್ತರವಾದದ್ದು ಇಲ್ಲವೆಂದು ಇವರು ಹೇಳುವಾಗ ಸೊರಬದವನು ಮಂದಹಾಸ ಬೀರುತ್ತಾನೆ. ಏಕೆಂದರೆ ಹಳೆಯ ಗೆಜೆಟಿಯರಿನಲ್ಲಿ ಅವನ ಚಂದ್ರಗುತ್ತಿಯ ಬೆಟ್ಟದ ಎತ್ತರ 2,794 ಅಡಿಯೆಂದು ನಮೂದಾಗಿದೆ. ಎಪ್ಪತ್ತೇಳು ಅಡಿಗಳಿಂದ ಬುರ್ಜ್ ಪರಾಜಿತವಾಯಿತು. ಬೆಟ್ಟದ ಲೆಕ್ಕ ಸಮುದ್ರಮಟ್ಟದಿಂದ, ಗೋಪುರದ ಲೆಕ್ಕ ತಳಪಾಯದಿಂದ, ಆದುದರಿಂದ ಹೋಲಿಕೆ ಅಸಾಧುವೆಂದು ಶಿಕಾರಿಪುರದ ಕೆಲವು ತಾರ್ಕಿಕರು ಆಕ್ಷೇಪಿಸುವುದುಂಟು. ಅದಕ್ಕೆ ಸಮಾಧಾನ: ದುಬೈ ಸಮುದ್ರದ ದಡದ ಮೇಲೆಯೇ ಇರುವುದರಿಂದ ಅದರ ತಳಪಾಯವೂ ಸಮುದ್ರಮಟ್ಟವೂ ಹೆಚ್ಚುಕಡಮೆ ಒಂದೇ, ಅಲ್ಲಿನ ಕೊಲ್ಲಿಯ ನೀರು ಹಾರ್ಮುಜ್ ಜಲಸಂಧಿಯ ಮೂಲಕ ನಮ್ಮ ಅರಬ್ಬೀ ಸಮುದ್ರಕ್ಕೇ ಸೇರುವುದರಿಂದ ಸಮುದ್ರಭೇದವೂ ಇಲ್ಲ. ಮೇಲಾಗಿ ಬುರ್ಜಿನ 124ನೆಯ ಅಂತಸ್ತಿಗೆ ಟಿಕೆಟ್ಟು ಕೊಂಡು ಯಂತ್ರದಲ್ಲಿ ಏರಬೇಕು, ಇಳಿಯುವಾಗ ಅಂಗಡಿಯ ಮೂಲಕ ಹಾಯಬೇಕು. ಚಂದ್ರಗುತ್ತಿಯ ರೇಣುಕಾಂಬೆಯ ಗುಹಾಲಯಕ್ಕಾದರೋ ಮೆಟ್ಟಿಲೇರಿ ಬೆವರಿದರೆ ಸಾಕು, ಅದರಾಚೆ ದುರ್ಗದ ಅವಶೇಷಗಳ ನಡುವೆ ನಿಂತವನಿಗೆ ಗಾಳಿಗೂ ಕಾಸಿಲ್ಲ.

ಆದರೆ ಇದರಿಂದ ಒಂದು ಗಂಭೀರವಾದ ತೊಡಕು ಉತ್ಪನ್ನವಾಗುತ್ತದೆ. ಚಂದ್ರಗುತ್ತಿ ಇರುವುದು ಸೊರಬ ತಾಲ್ಲೂಕಿನಲ್ಲಿ. ದುಬೈಗೆ ಹೋಗಿಬಂದ ಶಿಕಾರಿಪುರದವನು ಕಟ್ಟೆಯ ಮೇಲೆ ಏನು ಹೇಳಬೇಕು? ಬುರ್ಜ್ ದೊಡ್ಡದೆಂದರೆ ಸ್ವದೇಶಾಭಿಮಾನಕ್ಕೆ ಕುಂದು. ಚಂದ್ರಗುತ್ತಿ ದೊಡ್ಡದೆಂದರೆ ಸೊರಬವನ್ನು ಹೊಗಳಿದಂತಾಯಿತು. ಎರಡು ತಾಲ್ಲೂಕುಗಳೂ ರಾಜ್ಯಕ್ಕೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟು, ಬಂಗಾರಪ್ಪನವರ ಹೆಸರಿಗೆ ಯಡಿಯೂರಪ್ಪನವರ ಹೆಸರನ್ನು ಸರಿದೂಗಿಸಿ, ತಕ್ಕಡಿಯನ್ನು ಅತಿ ಪ್ರಯಾಸದಿಂದ ಸಮನಾಗಿ ನಿಲ್ಲಿಸಿಕೊಂಡಿರುವ ಈ ಸಂದರ್ಭದಲ್ಲಿ ಎಪ್ಪತ್ತೇಳು ಅಡಿಗಳ ಭಾರವನ್ನು ಒಂದು ಕಡೆಗೆ ಸೇರಿಸುವುದು ಯಾರಿಗೂ ಕ್ಷೇಮಕರವಲ್ಲ. ಶಿಕಾರಿಪುರ ತಾಲ್ಲೂಕಿನದೇ ಆದ ಬಳ್ಳಿಗಾವಿಯ ಗಂಡಭೇರುಂಡ ಸ್ತಂಭವನ್ನು ಪ್ರತಿಯಾಗಿ ನಿಲ್ಲಿಸೋಣವೆಂದರೆ, 1047ರದಾದ ಅದು ವಯಸ್ಸಿನಲ್ಲಿ ಬುರ್ಜನ್ನು ಮೀರಿಸಿದರೂ ಎತ್ತರ ಸುಮಾರು ಮೂವತ್ತು ಅಡಿಗಳು ಮಾತ್ರ. ಆದಕಾರಣ ಶಿಕಾರಿಪುರದವರಿಗೆ ದುಬೈ ವರ್ಜ್ಯ.

ಸಿಂಗಪುರದ ವಿಚಾರದಲ್ಲಿ ವಾದವು ಹೆಚ್ಚು ಸುಖಕರವಾಗಿದೆ. ಆ ರಾಷ್ಟ್ರದ ಸಮಗ್ರ ವಿಸ್ತೀರ್ಣ, ಸಮುದ್ರಕ್ಕೆ ಮಣ್ಣು ಸುರಿದು ಗಳಿಸಿಕೊಂಡ ಭಾಗವನ್ನೂ ಸೇರಿಸಿ, ಸುಮಾರು 735 ಚದರ ಕಿಲೋಮೀಟರು. ಶಿಕಾರಿಪುರ ತಾಲ್ಲೂಕಿನದು ಸುಮಾರು 900. ಸೊರಬದ್ದು 1,100ಕ್ಕೂ ಮಿಗಿಲು. ಒಂದು ತಹಸೀಲುದಾರರ ಅಧೀನದಲ್ಲಿರುವ ನೆಲಕ್ಕಿಂತ ಕಿರಿದಾದ ಸ್ಥಳದಲ್ಲಿ ಪ್ರಧಾನಮಂತ್ರಿ, ಸೇನೆ, ವಿಮಾನದಳ, ಬಂದರು ಇಷ್ಟೆಲ್ಲ ಇರುವುದನ್ನು ನೋಡಿ ಬರುವುದು ಶಿಕ್ಷಣಪ್ರದವೆಂಬುದರಲ್ಲಿ ಸಂದೇಹವಿಲ್ಲ. ಕಟ್ಟೆಯ ಮೇಲೆ ಹೇಳಿಕೊಳ್ಳುವುದಕ್ಕೂ ಇದಕ್ಕಿಂತ ಸೊಗಸಾದ ಮಾತಿಲ್ಲ. ಅಲ್ಲಿನ ಲಾಂಛನವಾದ ಮೆರ್ಲಯನ್ ಎಂಬ ಮತ್ಸ್ಯಪುಚ್ಛದ ಸಿಂಹ 1972ರಲ್ಲಿ ಸ್ಥಾಪಿತವಾದದ್ದು, 8.6 ಮೀಟರು ಎತ್ತರದ್ದು, ಹಗಲಿರುಳೂ ಬಾಯಿಂದ ನೀರನ್ನು ಉಗುಳತಕ್ಕದ್ದು. ತಾಳಗುಂದದ ಪ್ರಣವೇಶ್ವರನ ಸನ್ನಿಧಿಯಲ್ಲಿ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನವೆಂಬ ಸಿಂಹಮುಖದ ಮೆಟ್ಟಿಲ ಕೈಪಿಡಿಗಲ್ಲಾದರೋ, ಪುರಾತತ್ತ್ವ ಇಲಾಖೆಯವರ ಮತದಂತೆ ಕ್ರಿ.ಶ. 370ರ ಸುಮಾರಿನದು, ನೀರನ್ನು ಉಗುಳುವುದಿಲ್ಲ, ಕನ್ನಡದ ಅಕ್ಷರಗಳನ್ನು ಹೊತ್ತಿದೆ. ಶಿಕಾರಿಪುರಕ್ಕೆ ಇಷ್ಟು ಸಾಕು. ಸೊರಬದವನೂ ಬರಿಗೈಯಲ್ಲಿ ಹಿಂತಿರುಗಬೇಕಾದ್ದಿಲ್ಲ: ಸಿಂಗಪುರದ ಮಂಡಾಯಿ ಎಂಬಲ್ಲಿ 2023ರಲ್ಲಿ ತೆರೆದ ಪಕ್ಷಿಧಾಮಕ್ಕೆ ನೋಡುವವರು ತಾವಾಗಿ ಬರುತ್ತಾರೆ, ಹಕ್ಕಿಗಳನ್ನು ತಂದಿಡಬೇಕಾಗುತ್ತದೆ, ಸೊರಬದ ಗುಡವಿಯ ಕೆರೆಗೆ ಮಳೆಗಾಲದಲ್ಲಿ ಬಿಳಿ ಕೆಂಬರಲುಗಳೂ ನೀರುಕಾಗೆಗಳೂ ತಾವಾಗಿ ಬಂದು ಗೂಡುಕಟ್ಟುತ್ತವೆ, ನೋಡುವವರನ್ನು ತಂದಿಡಬೇಕಾಗಿದೆ.

ಲಂಡನ್ನಿನ ಬಗ್ಗೆ ಹೆಚ್ಚು ಹೇಳತಕ್ಕದ್ದಿಲ್ಲ. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿ, ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ ಸೊರಬದವನ್ನು ಎಂಟನೆಯದರಲ್ಲಿಯೂ ಪಕ್ಷಪಾತವಿಲ್ಲದೆ ಅಚ್ಚುಹಾಕಿಸಿ, ನಿವೃತ್ತನಾದ ಮೇಲೆ ಆ ನಗರದ ಮಗ್ಗುಲಿನ ಹ್ಯಾರೋ ಎಂಬಲ್ಲಿ ನೆಲಸಿ 1927ರಲ್ಲಿ ತೀರಿಕೊಂಡ ಬಿ. ಎಲ್. ರೈಸ್ ಮಹಾಶಯನ ನೆನಪಿಗಾಗಿ ಎರಡು ತಾಲ್ಲೂಕಿನವರೂ ಒಟ್ಟಾಗಿ ಅಲ್ಲಿಗೆ ಹೋಗುವುದು ಭಾವದೃಷ್ಟಿಯಿಂದ ಯುಕ್ತ. ಆದರೆ ವಿಮಾನದಲ್ಲಿ ಹೋಗುತ್ತ ಸುಮಾರು ಹತ್ತು ಗಂಟೆ, ಬರುತ್ತ ಹತ್ತು ಗಂಟೆ. ನಾಲ್ಕು ದಿನದವನಿಗೆ ಅದು ಶಾಸ್ತ್ರಬಾಹ್ಯ.

ಗಂಟೆಗಳ ಮಾತು ಬಂದದ್ದರಿಂದ ದೂರದ ಸ್ವರೂಪವನ್ನೂ ಪರಿಶೀಲಿಸಬೇಕು. ನಮ್ಮ ಜಿಲ್ಲೆಯ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ಕುವೆಂಪು ವಿಮಾನ ನಿಲ್ದಾಣವು ನಮ್ಮೆಲ್ಲರ ಅಭಿಮಾನಕ್ಕೆ ಪಾತ್ರವಾಗಿದ್ದರೂ ಅಲ್ಲಿಂದ ನೇರವಾಗಿ ಸಮುದ್ರ ದಾಟುವಂತಿಲ್ಲ. ಬೆಂಗಳೂರನ್ನು ಸೇರಲೇಬೇಕು, ನಮ್ಮಲ್ಲಿ ಬಹುಮಂದಿಗೆ ಅದರರ್ಥ ರಾತ್ರಿಯ ಬಸ್ಸು. ಬೆಂಗಳೂರಿನಿಂದ ದುಬೈಗೆ ವಿಮಾನದಲ್ಲಿ ನಾಲ್ಕು ಗಂಟೆಯ ಹಾದಿ, ಸಿಂಗಪುರಕ್ಕೆ ನಾಲ್ಕೂವರೆ. ಬಸ್ಸು ಇವೆರಡಕ್ಕಿಂತಲೂ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಈ ಸೀಮೆಯವರಿಗೆ ಅತ್ಯಂತ ದೂರದ ವಿದೇಶವು ಬೆಂಗಳೂರೇ ಎಂಬ ವಿಲಕ್ಷಣ ಸಿದ್ಧಾಂತವು ಪ್ರಾಪ್ತವಾಗುತ್ತದೆ. ಇನ್ನು ಗಡಿಯಾರ. ಬೆಳಗಿನ ಐದಕ್ಕೆ ಎದ್ದು ಕೊಟ್ಟಿಗೆಯ ಕಡೆ ನಡೆಯುವ ಅಭ್ಯಾಸವುಳ್ಳವನಿಗೆ ಸಿಂಗಪುರದಲ್ಲಿ ಎಚ್ಚರವಾಗುವಾಗ ಅಲ್ಲಿ ಏಳೂವರೆ, ಹೋಟೆಲಿನಲ್ಲಿ ತಿಂಡಿ ಸಿದ್ಧ. ದುಬೈಯಲ್ಲಿ ಎಚ್ಚರವಾಗುವಾಗ ಮೂರೂವರೆ, ಪಡಸಾಲೆಯಲ್ಲಿ ಕಾಫಿಯನ್ನರಸುತ್ತ ಅಲೆಯತಕ್ಕದ್ದು. ಇದು ಸಣ್ಣ ಪ್ರಮಾಣವೆಂದು ತೋರಬಹುದು; ನನ್ನ ಮಟ್ಟಿಗೆ ಮೇಲಿನ ಶಾಸನ ಪ್ರಮಾಣಗಳೆಲ್ಲಕ್ಕಿಂತ ಇದೇ ಬಲವತ್ತರ.

ಕಾಲನಿರ್ಣಯವು ಸ್ಪಷ್ಟವಾಗಿದೆ. ಏಜೆಂಟರು ದೀಪಾವಳಿಯ ರಜೆಗೆಂದು ವಿಶೇಷ ರಿಯಾಯಿತಿಗಳನ್ನು ಘೋಷಿಸುವುದು ನಮ್ಮ ಸೀಮೆಯ ಅಜ್ಞಾನದಿಂದ. ದೀಪಾವಳಿಯಾದೊಡನೆ ಊರೂರಿನಲ್ಲಿ ಹೋರಿ ಬೆದರಿಸುವ ಹಬ್ಬ ಮೊದಲಾಗುವಾಗ, ಕೊಬ್ಬರಿಯ ಸರ ಕಟ್ಟಿಕೊಂಡು ಅಖಾಡಕ್ಕೆ ನುಗ್ಗುವ ಹೋರಿಯನ್ನು ಬಿಟ್ಟು ಮರಳುಗಾಡಿನ ಒಂಟೆಯ ಮೇಲೆ ಕೂರಲು ಹೋಗುವ ಯುವಕನು ಸೊರಬದಲ್ಲಿಯೂ ಇಲ್ಲ, ಶಿಕಾರಿಪುರದಲ್ಲಿಯೂ ಇಲ್ಲ. ಹುಚ್ಚರಾಯಸ್ವಾಮಿಯ ತೇರಿನ ದಿನಗಳೂ ಚಂದ್ರಗುತ್ತಿಯ ಜಾತ್ರೆಯೂ ಮೆಕ್ಕೆಜೋಳ ಮುರಿಯುವ ಕಾಲವೂ ನಿಷಿದ್ಧ. ಅಡಿಕೆ ಒಣಗಿ, ಚೀಲ ಮಂಡಿಗೆ ಸೇರಿ, ಹಣ ಕೈಗೆ ಬಂದು, ಅದರ ಮೇಲೆ ಬೇರೆಯವರ ಕಣ್ಣು ಇನ್ನೂ ಬೀಳದಿರುವ ಅಲ್ಪಾವಧಿಯೇ ಪ್ರಶಸ್ತ ಮುಹೂರ್ತ.

ಆದುದರಿಂದ ನಿರ್ಣಯವು ಹೀಗೆ: ಸೊರಬದವರಿಗೆ ದುಬೈ ಸಲ್ಲುತ್ತದೆ, ಮೂರೂವರೆಯ ಕಾಫಿಯ ಚಿಂತೆಯಿಲ್ಲದಿದ್ದರೆ, ಶಿಕಾರಿಪುರದವರು ಸಿಂಗಪುರಕ್ಕೇ ಹೋಗತಕ್ಕದ್ದು, ಎರಡು ತಾಲ್ಲೂಕಿಗೂ ಬೀಗತನವುಳ್ಳ ಮನೆಯವರಿಗೂ ಸಿಂಗಪುರವೇ ಗತಿ, ಅಲ್ಲಿ ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಹೇಳಿಕೊಳ್ಳಲು ಏನಾದರೂ ದೊರೆಯುವುದು, ಒಂದೇ ಯಾತ್ರೆಯಲ್ಲಿ ಎರಡು ನಗರಗಳನ್ನು ಸೇರಿಸುವುದು ಯಾರಿಗೂ ಸರ್ವಥಾ ಕೂಡದು. ಅಡಿಕೆಯ ಧಾರಣೆ ಇನ್ನೂ ಸ್ವಲ್ಪ ಏರಲೆಂದು ಚೀಲವನ್ನು ಅಟ್ಟದ ಮೇಲೆಯೇ ಇಟ್ಟುಕೊಂಡು ಕಾಯುತ್ತಿರುವ ವಾಚಕ ಮಹಾಶಯರು ಅಷ್ಟರಲ್ಲಿ ಪಾಸ್‌ಪೋರ್ಟಿಗಾದರೂ ಅರ್ಜಿ ಹಾಕಿಡಬೇಕೆಂದು ವಿನಂತಿ. ಅದು ಹತ್ತು ವರ್ಷ ಬಾಳಿಕೆ ಬರುತ್ತದೆ.