ತಪ್ಪಿನ ವಂಶವೃಕ್ಷ

ಹತ್ತು ಹುಡುಗರು ಸರಿ ಉತ್ತರ ಬರೆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಸರಿ ಉತ್ತರ ಯಾರಿಗೆ ಬೇಕಾದರೂ ಹೊಳೆಯಬಹುದು. ಹತ್ತೂ ಮಂದಿ ಒಂದೇ ತಪ್ಪು ಬರೆದರೆ ಮಾತ್ರ ಅವರ ಮೂಲಪುರುಷ ಒಬ್ಬನೇ ಎಂದು ಧಾರಾಳವಾಗಿ ಹೇಳಬಹುದು. ಡಾರ್ವಿನ್ ಹತ್ತಿದ ಹಡಗು 'ಬೀಗಲ್' ಯಾವುದೋ ಗೈಡಿನಲ್ಲಿ ಅಚ್ಚಿನ ದೋಷದಿಂದ 'ಬಗಲ್' ಆಯಿತು ಎನ್ನಿ. ಬೆಟಗೇರಿಯ ಟ್ಯೂಷನ್ನಿನಲ್ಲಿ ಅದನ್ನು ಬೋರ್ಡಿನಿಂದ ಇಳಿಸಿಕೊಂಡವರ ಪತ್ರಿಕೆಯಲ್ಲಿ ಅದು 'ಬಗಲಲ್ಲಿ' ಆಗುತ್ತದೆ. ಮುಂಡರಗಿಗೆ ಝೆರಾಕ್ಸ್ ಮುಟ್ಟುವಷ್ಟರಲ್ಲಿ ಮಹಾನುಭಾವ 'ಬಗಲಲ್ಲಿ ಕುಳಿತು ದ್ವೀಪಗಳನ್ನು ಸುತ್ತಿರುತ್ತಾನೆ'. ಮೌಲ್ಯಮಾಪನಕ್ಕೆ ಕುಳಿತ ಮಾಸ್ತರು ಬಂಡಲ್ ಬಿಚ್ಚಿ, ಯಾವುದು ಅಜ್ಜ, ಯಾವುದು ಮೊಮ್ಮಗ, ಯಾವುದು ದಾಯಾದಿ ಎಂದು ಕಣ್ಣುಮುಚ್ಚಿ ವಂಶವೃಕ್ಷ ಬರೆದುಕೊಡಬಲ್ಲರು.

ಜೀವಶಾಸ್ತ್ರಜ್ಞರ ಕೆಲಸವೂ ಬಹುಪಾಲು ಇದೇ. ಆಕಳು, ನಾಯಿ ತಮಗೆ ಬೇಕಾದ ವಿಟಮಿನ್ ಸಿ ಅನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಚಿಂಪಾಂಜಿ, ಮಂಗ ಈ ಮೂವರಲ್ಲೂ ಅದಕ್ಕೆ ಬೇಕಾದ ಜೀನು ಕೆಟ್ಟು ಕುಳಿತಿದೆ. ಆ ಕೆಟ್ಟ ಸಾಲನ್ನು ಮೂವರೂ ಒಂದೇ ಹಳೆಯ ಪ್ರತಿಯಿಂದ ಇಳಿಸಿಕೊಂಡವರು. ಹೀಗೆ ಜೀವಿಗಳ ಬಂಧುತ್ವದ ಬಗ್ಗೆ ನಮ್ಮ ಹುಡುಗರು ಬರೆದದ್ದರಲ್ಲಿ ಹುರುಳಿಲ್ಲದಿದ್ದರೂ ಅವರ ಉತ್ತರಪತ್ರಿಕೆಗಳ ಬಂಡಲ್ಲೇ ಆ ಪಾಠಕ್ಕೆ ಒಳ್ಳೆಯ ಪಾಠೋಪಕರಣ.

ನೈಸರ್ಗಿಕ ಆಯ್ಕೆಗೂ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ತರಗತಿಗೆ ಬಂದ ಹುಡುಗರಲ್ಲಿ ನಾನಾ ಬಗೆ. ಒಬ್ಬ ಸ್ವಂತ ಮಾತಿನಲ್ಲಿ ಬರೆಯುತ್ತಾನೆ, ಒಬ್ಬಳು 'ಯಾಕ್ರೀ ಸರ?' ಎಂದು ಕೇಳುತ್ತಾಳೆ, ಇನ್ನೊಬ್ಬ ಗೈಡನ್ನು ಅಲ್ಪವಿರಾಮದ ಸಮೇತ ಕಕ್ಕುತ್ತಾನೆ. ಕೀ ಆನ್ಸರ್ ಎಂಬ ಹವಾಮಾನದಲ್ಲಿ ಮೂರನೆಯವನು ಮಾತ್ರ ಹುಲುಸಾಗಿ ಬೆಳೆಯುತ್ತಾನೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆಯ್ಕೆಗೆ ದುರುದ್ದೇಶ ಬೇಕಿಲ್ಲ, ಕೆಂಪು ಪೆನ್ನು ಸಾಕು.

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹವಾಮಾನ ಒಮ್ಮೆಲೇ ಬದಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಡಾರ್ವಿನ್ನನ ಸಿದ್ಧಾಂತದಲ್ಲಿ ಕೃಪಾಂಕಕ್ಕೆ ಜಾಗವಿಲ್ಲ. ಅವನು ಕರ್ನಾಟಕಕ್ಕೆ ಬಂದಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದನೋ ಏನೋ.

ಹುಡುಗರಿಗೆ ಪಾಠ ನಿಜವಾಗಿ ತಿಳಿದಿದೆಯೇ ಇಲ್ಲವೇ ಎಂದು ಅಳೆಯುವ ದಾರಿ ಇಲ್ಲದಿಲ್ಲ. 2002ರಲ್ಲಿ ಅಮೆರಿಕದ ಆಂಡರ್ಸನ್, ಫಿಶರ್, ನಾರ್ಮನ್ ಎಂಬವರು ನೈಸರ್ಗಿಕ ಆಯ್ಕೆಯ ಮೇಲೆ 20 ಪ್ರಶ್ನೆಗಳ ಒಂದು ಪರೀಕ್ಷೆ ಮಾಡಿದರು. ಅದರ ಕರಾಮತ್ತೆಲ್ಲ ತಪ್ಪು ಆಯ್ಕೆಗಳಲ್ಲಿದೆ. ಹುಡುಗರು ಮನಸ್ಸಿನೊಳಗೆ ನಿಜವೆಂದು ನಂಬಿಕೊಂಡದ್ದನ್ನೇ ಅಲ್ಲಿ ಇಟ್ಟಿದ್ದಾರೆ. ನಮ್ಮ ಬಹು ಆಯ್ಕೆ ಪ್ರಶ್ನೆಗಳಲ್ಲಾದರೋ ನ್ಯೂಟನ್, ಐನ್‌ಸ್ಟೈನ್, ಸಿ. ವಿ. ರಾಮನ್ ಪಕ್ಕದಲ್ಲಿ ಡಾರ್ವಿನ್ನನನ್ನು ನಿಲ್ಲಿಸಿ, 'ಇವರಲ್ಲಿ ಡಾರ್ವಿನ್ ಯಾರು?' ಎಂದು ಕೇಳುವುದೊಂದೇ ಬಾಕಿ.

ಅಂಥ ಪರೀಕ್ಷೆಗೆ ಗಾಲಾಪಗೋಸ್ ದ್ವೀಪದ ಫಿಂಚ್ ಹಕ್ಕಿಯೇ ಆಗಬೇಕೆಂದೇನಿಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ. ಅದು ಬಂದದ್ದು ಹೇಗೆ? 'ದಾಟಬೇಕಾಗಿತ್ತು, ಅದಕ್ಕೇ ಬೆಳೆಸಿಕೊಂಡವು' ಎಂದವನು ನಪಾಸು. ಅಂಥ ರಕ್ತವಿದ್ದವು ಹೆಚ್ಚು ಬದುಕಿ ಹೆಚ್ಚು ಮರಿ ಮಾಡಿದವು ಎಂದವನು ಪಾಸು. ಬೇಕು ಎಂದ ಮಾತ್ರಕ್ಕೆ ಸಿಗುವುದಿದ್ದರೆ ಗದಗಿಗೆ ನಳದ ನೀರು ದಿನಾ ಬರುತ್ತಿತ್ತು.

ಎರಡನೇ ಪ್ರಶ್ನೆ ಕಪ್ಪತಗುಡ್ಡದ್ದು. 2019ರಲ್ಲಿ ವನ್ಯಜೀವಿಧಾಮವಾದ ಆ ಗುಡ್ಡಸಾಲಿನಲ್ಲಿ ತೋಳವೂ ಇದೆ, ಕತ್ತೆಕಿರುಬವೂ ಇದೆ. ಕತ್ತೆಕಿರುಬ ಯಾರ ಕಡೆಯವನು? ಮೋರೆ ನೋಡಿ 'ನಾಯಿ ಬಳಗ' ಎಂದರೆ ಸೊನ್ನೆ. ಅದು ಬೆಕ್ಕು, ಮುಂಗುಸಿಗಳ ಕಡೆಯದು. ತೋಳಕ್ಕೆ ದೂರದ ನೆಂಟ. ಹೋಲಿಕೆ ಬೇರೆ, ಬಂಧುತ್ವ ಬೇರೆ. ಚುನಾವಣೆ ಬಂದಾಗ ಎಲ್ಲರನ್ನೂ 'ಕಾಕಾ, ಮಾಮಾ' ಎಂದು ತಬ್ಬಿಕೊಳ್ಳುವವರನ್ನು ಕಂಡ ನಮಗೆ ಇದು ಕಷ್ಟದ ಪಾಠವೂ ಅಲ್ಲ.

ಆದರೆ ಕೇಳುವವರು ಯಾರು? 2018ರಲ್ಲಿ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು ಎಂದರು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಕಟ್ಟಿದ್ದನ್ನೂ ಇವತ್ತಿನವರು ಯಾರೂ ನೋಡಿಲ್ಲ; ಗುಡಿ ಮಾತ್ರ ಇದೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂಬ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಪಾಠ ಇದೆಯಲ್ಲ ಎಂಬ ಸಮಾಧಾನ ಬಂತು. ಹತ್ತು ಮುಗಿಸಿ ಕಲಾ, ವಾಣಿಜ್ಯ ಹಿಡಿದವರು, ಹೊಲ ಹಿಡಿದವರು ಡಾರ್ವಿನ್ನನನ್ನು ಕಟ್ಟಿಕೊಂಡು ಮಾಡುವುದಾದರೂ ಏನು!

ಹೊಲ ಹಿಡಿದವನ ಕಥೆ ಕೇಳಿ. 2002ರಲ್ಲಿ ಹುಳಕ್ಕೆ ವಿಷವಾಗುವ ಜೀನು ಹೊತ್ತ ಬಿಟಿ ಹತ್ತಿ ಬಂತು, 2006ರಲ್ಲಿ ಎರಡು ಜೀನಿನದು. 450 ಗ್ರಾಂ ಬಿಟಿ ಪಾಕೀಟಿನ ಜೊತೆ 120 ಗ್ರಾಂ ಸಾದಾ ಬೀಜ ಇರುತ್ತಿತ್ತು. ಅದನ್ನು ಹೊಲದ ಸುತ್ತ ಹಾಕಿದರೆ ಸಾದಾ ಹುಳಗಳೂ ಬದುಕಿ, ವಿಷ ತಡೆದುಕೊಂಡ ಹುಳಗಳ ಜೊತೆ ಕೂಡಿ, ತಡೆಯುವ ಗುಣ ಹರಡುವುದು ನಿಧಾನವಾಗಲಿ ಎಂಬುದು ಲೆಕ್ಕ. 'ಹುಳ ಹತ್ತೂ ಬೀಜ ಯಾಕ ಹಾಕಬೇಕ್ರೀ?' ಎಂಬ ಪ್ರಶ್ನೆ ನ್ಯಾಯವಾದದ್ದೇ. ನೈಸರ್ಗಿಕ ಆಯ್ಕೆ ತಿಳಿಯದೆ ಅದಕ್ಕೆ ಉತ್ತರ ತಿಳಿಯುವುದಿಲ್ಲ. ಪುಟ್ಟ ಪಾಕೀಟು ಮೂಲೆ ಸೇರಿತು. ಮುಂದೆ ಹತ್ತು ವರ್ಷದ ಹೊತ್ತಿಗೆ ಎರಡು ಜೀನಿಗೂ ಬಗ್ಗದ ಗುಲಾಬಿ ಕಾಯಿಕೊರಕ ದೇಶದ ಹತ್ತಿ ಹೊಲಗಳಲ್ಲಿತ್ತು.

'ಹುಳಕ್ಕ ಔಷಧ ರೂಢಿ ಆಗೇತಿ' ಎನ್ನುತ್ತಾರೆ ಎಲ್ಲರೂ. ಕಟ್ಟೆಯ ಮೇಲೆ ಕುಳಿತ ಹಿರಿಯರು, ಔಷಧದ ಅಂಗಡಿಯವರು, ಒಮ್ಮೊಮ್ಮೆ ವಿಜ್ಞಾನದ ಮಾಸ್ತರರೂ. ಆ ಅಮೆರಿಕದ ಪರೀಕ್ಷೆಯಲ್ಲಿ ತಪ್ಪು ಆಯ್ಕೆಯಾಗಿ ಇಟ್ಟದ್ದು ಇಂಥ ಮಾತುಗಳನ್ನೇ. ಯಾವ ಹುಳಕ್ಕೂ ಏನೂ ರೂಢಿಯಾಗಲಿಲ್ಲ. ಸಾಯುವವು ಸತ್ತವು, ಸಾಯದವು ಮರಿ ಹಾಕಿದವು. ಪಾಠ ಕೈಬಿಟ್ಟವರಿಗೆ, ಪ್ರಶ್ನೆ ಕೇಳದವರಿಗೆ, ಕೀ ಆನ್ಸರ್ ಬರೆದವರಿಗೆ ಒಂದು ಅಂಕವೂ ಕಡಿತವಾಗಲಿಲ್ಲ. ಔಷಧ ಹೊಡೆದ ಸಾಲ ರೈತನ ಹೆಸರಿನಲ್ಲಿದೆ. ಇಡೀ ಪಠ್ಯಕ್ರಮದಲ್ಲಿ ಗೈಡಿಲ್ಲದೆ, ಟ್ಯೂಷನ್ನಿಲ್ಲದೆ, ಕೃಪಾಂಕವಿಲ್ಲದೆ ಪಾಸಾದದ್ದು ಆ ಹುಳವೊಂದೇ.